ಕಡಲಿಗೆ ಕದವಿಟ್ಟ ನಾಡು

ನ್ಯೂಜಿಲೆಂಡಿನ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಕ್ರಿಕೆಟ್ಟಿನ ಹುಚ್ಚಿರುವ ಮನೆಗಳಲ್ಲಂತೂ ಅದು ನೆರೆಯೂರಿನಷ್ಟು ಪರಿಚಿತ. ಆದರೆ ‘ನ್ಯೂ’ ಎಂದರೆ ಹೊಸದು. ಹೊಸ ಜೀಲೆಂಡೊಂದು ಇದ್ದ ಮೇಲೆ ಹಳೆಯ ಜೀಲೆಂಡೊಂದು ಎಲ್ಲಿಯೋ ಇರಲೇಬೇಕಲ್ಲವೆ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. 1642ರಲ್ಲಿ ಆಬೆಲ್ ಟಾಸ್ಮನ್ ಎಂಬ ಡಚ್ ನಾವಿಕನು ದಕ್ಷಿಣ ಸಮುದ್ರದಲ್ಲಿ ಆ ದ್ವೀಪಗಳನ್ನು ಕಂಡನು. ಅವನು ಇಟ್ಟ ಹೆಸರು ಬೇರೆ; ಅದು ನಿಲ್ಲಲಿಲ್ಲ. ಮುಂದೆ ಡಚ್ ಭೂಪಟಕಾರರು ತಮ್ಮ ದೇಶದ ಒಂದು ಪ್ರಾಂತದ ಹೆಸರನ್ನೇ ಅದಕ್ಕೆ ಕೊಟ್ಟರು. ಭೂಮಿಯ ಆಚೆಯ ಬದಿಯ ಅಷ್ಟು ವಿಸ್ತಾರವಾದ ದೇಶಕ್ಕೆ ಹೆಸರು ಕೊಟ್ಟ ಆ ಹಳೆಯ ನಾಡು ಅಂಗೈಯಗಲದ್ದು. ಅದರ ಜನಸಂಖ್ಯೆ ಇಂದಿಗೂ ನಾಲ್ಕು ಲಕ್ಷವನ್ನು ಮುಟ್ಟಿಲ್ಲ. ಅದರ ಹೆಸರು ಜೇಲಾಂಡ್. ‘ಜೇ’ ಎಂದರೆ ಅವರ ನುಡಿಯಲ್ಲಿ ಕಡಲು. ಜೇಲಾಂಡ್ ಎಂದರೆ ಕಡಲನಾಡು.

ಹಾಲೆಂಡ್ ಎಂದು ನಾವು ರೂಢಿಯಲ್ಲಿ ಕರೆಯುವ ನೆದರ್ಲೆಂಡ್ಸ್ ದೇಶದ ನೈಋತ್ಯ ಮೂಲೆಯಲ್ಲಿ, ಬೆಲ್ಜಿಯಮ್ಮಿನ ಗಡಿಗೆ ತಾಗಿಕೊಂಡು ಈ ಪ್ರಾಂತವಿದೆ. ರೈನ್, ಮ್ಯೂಸ್, ಸ್ಖೆಲ್ಡೆ ಎಂಬ ಮೂರು ನದಿಗಳು ಉತ್ತರ ಸಮುದ್ರವನ್ನು ಸೇರುವ ಮುಖಜಭೂಮಿಯ ದಕ್ಷಿಣ ಭಾಗ ಇದು. ಭೂಪಟದಲ್ಲಿ ನೋಡಿದರೆ ನೀರಿನಲ್ಲಿ ಅದ್ದಿದ ಕೈಯ ಬೆರಳುಗಳ ಹಾಗೆ ಕಾಣುತ್ತದೆ. ಬೆರಳುಗಳೆಲ್ಲ ದ್ವೀಪಗಳು, ಇಲ್ಲವೆ ಒಂದು ಕಾಲಕ್ಕೆ ದ್ವೀಪಗಳಾಗಿದ್ದು ಈಗ ಒಡ್ಡುಗಳಿಂದ ನೆಲಕ್ಕೆ ಹೊಲಿಯಲ್ಪಟ್ಟವು. ನೆಲದ ಬಹುಭಾಗ ಸಮುದ್ರದ ಮಟ್ಟಕ್ಕೆ ಸಮವಾಗಿಯೋ ಅದಕ್ಕಿಂತ ತಗ್ಗಾಗಿಯೋ ಇದೆ. ಪ್ರಾಂತದ ಲಾಂಛನದಲ್ಲಿ ಅಲೆಗಳ ನಡುವೆ ಅರ್ಧದೇಹ ಮೇಲೆದ್ದು ನಿಂತ ಸಿಂಹವಿದೆ. ಅದರ ಜೊತೆಗಿರುವ ಲ್ಯಾಟಿನ್ ಮಾತಿನ ಅರ್ಥ, ‘ಹೋರಾಡುತ್ತೇನೆ, ಮೇಲೇಳುತ್ತೇನೆ’ ಎಂದು.

ಈ ಲಾಂಛನವನ್ನು ನೋಡಿದವರಿಗೆ ಜೇಲಾಂಡಿನ ಚರಿತ್ರೆಯೆಂದರೆ ಮನುಷ್ಯನಿಗೂ ಕಡಲಿಗೂ ನಡೆದ ಕುಸ್ತಿ ಎಂದು ತೋರುವುದು ಸಹಜ. ಶಾಲೆಯ ಪಾಠಗಳೂ ಹಾಗೆಯೇ ಹೇಳುತ್ತವೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ನಾಡಿನ ಏರಿಗಳನ್ನು ಒಡೆದದ್ದು ಪ್ರತಿಸಲವೂ ಕಡಲಲ್ಲ. ಅವನ್ನು ಕಟ್ಟಿದ ಮನುಷ್ಯನೇ ಬೇಕೆಂದು ಒಡೆದು ಕಡಲನ್ನು ಒಳಗೆ ಬಿಟ್ಟುಕೊಂಡ ಸಂದರ್ಭಗಳೂ ಇವೆ. ಅವುಗಳಲ್ಲಿ ಮೂರನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಕಥೆಯ ಬಣ್ಣವೇ ಬೇರೆಯಾಗುತ್ತದೆ.

ಮೊದಲು ಈ ನೆಲ ಹುಟ್ಟಿದ ಬಗೆಯನ್ನು ತಿಳಿಯಬೇಕು. ನದಿ ತಂದ ಮಣ್ಣೂ ಕಡಲು ತಂದ ಮಣ್ಣೂ ಸೇರಿ ಉಬ್ಬರವಿಳಿತದ ನೀರಿನಲ್ಲಿ ಕೆಸರಿನ ದಿಬ್ಬಗಳಾಗುತ್ತವೆ. ಅವುಗಳ ಮೇಲೆ ಉಪ್ಪುನೀರನ್ನು ಸಹಿಸಬಲ್ಲ ಗಿಡಗಳು ಬೇರೂರುತ್ತವೆ. ಗಿಡಗಳ ಬುಡದಲ್ಲಿ ಇನ್ನಷ್ಟು ಮಣ್ಣು ನಿಲ್ಲುತ್ತದೆ. ದಿಬ್ಬ ಸಾಧಾರಣ ಉಬ್ಬರಕ್ಕೆ ಮುಳುಗದಷ್ಟು ಬೆಳೆದಾಗ ಅದರ ಸುತ್ತ ಏರಿ ಹಾಕುತ್ತಾರೆ. ಹಾಗೆ ಸುತ್ತುಗಟ್ಟಿದ ನೆಲಕ್ಕೆ ಪೋಲ್ಡರ್ ಎಂದು ಹೆಸರು. ನಮ್ಮ ಕೆರೆಯ ಏರಿ ನೀರನ್ನು ಒಳಗೆ ನಿಲ್ಲಿಸುವುದಕ್ಕಾಗಿ. ಅವರ ಏರಿ ನೀರನ್ನು ಹೊರಗೆ ನಿಲ್ಲಿಸುವುದಕ್ಕಾಗಿ. ತೂಬು ಮಾತ್ರ ಎರಡಕ್ಕೂ ಬೇಕು. ಒಳಗೆ ಬಿದ್ದ ಮಳೆಯ ನೀರು ಇಳಿತದ ಹೊತ್ತಿನಲ್ಲಿ ತೂಬಿನಿಂದ ಹೊರಗೆ ಹರಿಯಬೇಕು; ಉಬ್ಬರ ಬಂದಾಗ ತೂಬಿನ ಬಾಗಿಲು ಮುಚ್ಚಿಕೊಳ್ಳಬೇಕು. ಸುಮಾರು ಸಾವಿರ ವರ್ಷಗಳಿಂದ ಜೇಲಾಂಡಿನ ಬಾಳುವೆ ಈ ಬಾಗಿಲಿನ ಮೇಲೆ ನಿಂತಿದೆ.

ಏರಿಯೆಂದರೆ ಎಲ್ಲರ ಸ್ವತ್ತು, ಎಲ್ಲರ ಹೊಣೆ. ಒಬ್ಬನ ಪಾಲಿನ ಹತ್ತು ಮಾರು ದುರ್ಬಲವಾದರೆ ಊರೆಲ್ಲ ಮುಳುಗುತ್ತದೆ. ಆದ್ದರಿಂದ ಅಲ್ಲಿನ ಹಳೆಯ ಕಟ್ಟಳೆ ಕಠಿಣವಾಗಿತ್ತು: ಏರಿಯ ಕೆಲಸಕ್ಕೆ ಒಪ್ಪದವನು ಊರು ಬಿಡತಕ್ಕದ್ದು. ತನ್ನ ಪಾಲಿನ ಏರಿಯನ್ನು ಕಾಯ್ದುಕೊಳ್ಳಲು ಶಕ್ತಿಯಿಲ್ಲದ ರೈತನು ಅದರ ಮೇಲೆ ತನ್ನ ಸಲಿಕೆಯನ್ನು ನೆಟ್ಟು ಹೊರಟುಹೋಗುತ್ತಿದ್ದನು. ಆ ಸಲಿಕೆಯನ್ನು ಕಿತ್ತುಕೊಂಡವನಿಗೆ ಅವನ ಹೊಲವೂ ಸೇರುತ್ತಿತ್ತು, ಏರಿಯ ಭಾರವೂ ಸೇರುತ್ತಿತ್ತು. ಈ ಕೆಲಸವನ್ನು ನೋಡಿಕೊಳ್ಳಲು ಊರೂರಿನವರು ಸೇರಿ ನೀರಿನ ಮಂಡಳಿಗಳನ್ನು ಕಟ್ಟಿಕೊಂಡರು. ರಾಜರು ಬದಲಾದರು, ಧರ್ಮ ಬದಲಾಯಿತು, ಆಳ್ವಿಕೆಯ ರೀತಿಯೇ ಬದಲಾಯಿತು. ಆದರೆ ನೀರಿನ ಮಂಡಳಿಗಳು ಇಂದಿಗೂ ಇವೆ. ಅವುಗಳಿಗೆ ಬೇರೆಯೇ ಚುನಾವಣೆ, ಬೇರೆಯೇ ತೆರಿಗೆ.

ಇಷ್ಟು ಜಾಣರಾದ ಜನ ಆಸೆಗೆ ಬೀಳಲಿಲ್ಲವೆಂದಲ್ಲ. ಜೇಲಾಂಡಿನ ನೆಲದ ಕೆಳಗೆ, ಗಿಡಗಂಟಿಗಳು ಕೊಳೆತು ಆದ ಪೀಟ್ ಎಂಬ ಕಪ್ಪು ಮಣ್ಣಿನ ಪದರವಿತ್ತು. ಕಡಲ ನೀರನ್ನು ಕುಡಿದಿದ್ದ ಆ ಮಣ್ಣನ್ನು ಅಗೆದು ಒಣಗಿಸಿ ಸುಟ್ಟರೆ ಬೂದಿಯಿಂದ ಉಪ್ಪು ತೆಗೆಯಬಹುದಿತ್ತು. ಮೀನನ್ನು ಕೆಡದಂತೆ ಇಡಲು ಉಪ್ಪಿಗೆ ಎಲ್ಲಿಲ್ಲದ ಬೆಲೆ. ಮಧ್ಯಯುಗದಲ್ಲಿ ಪಟ್ಟಣಗಳು ಈ ಉಪ್ಪಿನಿಂದ ಕೊಬ್ಬಿದವು. ಅಗೆದಷ್ಟೂ ನೆಲ ತಗ್ಗಿತು. ಏರಿಯ ಬುಡದವರೆಗೂ ಗುದ್ದಲಿ ಬಂದಿತು. ಆಮೇಲೆ ಬಿರುಗಾಳಿ ಬೀಸಿದಾಗ ಕಡಲಿಗೆ ಹೆಚ್ಚು ಶ್ರಮವೇನೂ ಆಗಲಿಲ್ಲ. ಕಡಲ ಮೇಲೆ ಹೊರಿಸಿದ ಅಪರಾಧಗಳಲ್ಲಿ ಅರ್ಧಪಾಲಾದರೂ ಗುದ್ದಲಿಗೆ ಸಲ್ಲಬೇಕಾದದ್ದು.

ಕಡಲನ್ನು ಅಂಜಿದ ಜನ ಅದನ್ನು ಪೂಜಿಸಿದವರೂ ಹೌದು. ವಾಲ್ಖೆರೆನ್ ಎಂಬ ಭಾಗದ ಪಶ್ಚಿಮ ತೀರದಲ್ಲಿ ಡೊಂಬರ್ಗ್ ಎಂಬ ಊರಿದೆ. 1647ರ ಜನವರಿಯಲ್ಲಿ ಬಿರುಗಾಳಿಯೊಂದು ಅಲ್ಲಿನ ಮರಳನ್ನು ಬಾಚಿಕೊಂಡು ಹೋದಾಗ ಕೆಳಗಿನಿಂದ ಕೆತ್ತಿದ ಕಲ್ಲುಗಳು ಹೊರಬಿದ್ದವು. ರೋಮನರ ಕಾಲದ ಒಬ್ಬ ದೇವತೆಗೆ ಹರಕೆ ಒಪ್ಪಿಸಿದ ಪೀಠಗಳು ಅವು. ದೇವತೆಯ ಹೆಸರು ನೆಹಲೆನ್ನಿಯಾ. ಮಡಿಲಲ್ಲಿ ಅಥವಾ ಪಕ್ಕದಲ್ಲಿ ಹಣ್ಣಿನ ಬುಟ್ಟಿ, ಕಾಲಬಳಿ ನಿಷ್ಠೆಯಿಂದ ಕುಳಿತ ನಾಯಿ, ಕೆಲವು ಕಲ್ಲುಗಳಲ್ಲಿ ಅವಳ ಪಾದ ಹಡಗಿನ ಮೂತಿಯ ಮೇಲೆ. ಬ್ರಿಟನ್ನಿನ ಕಡೆಗೆ ಉಪ್ಪು, ಮಡಕೆ ಮುಂತಾದ ಸರಕು ಸಾಗಿಸುತ್ತಿದ್ದ ವರ್ತಕರು, ಮಾಲು ಕೆಡದೆ ದಡ ಸೇರಿದ್ದಕ್ಕೆ ಕೃತಜ್ಞರಾಗಿ ಇವನ್ನು ನಿಲ್ಲಿಸಿದ್ದರು. ಊರ ಇಗರ್ಜಿಯಲ್ಲಿ ಇಟ್ಟಿದ್ದ ಆ ಕಲ್ಲುಗಳಲ್ಲಿ ಹೆಚ್ಚಿನವು 1848ರಲ್ಲಿ ಸಿಡಿಲಿನ ಬೆಂಕಿಗೆ ಹಾಳಾದವು. ಆದರೆ 1970ರಲ್ಲಿ ಕೊಲೈನ್ಸ್‌ಪ್ಲಾಟ್ ಎಂಬ ಊರಿನ ಎದುರಿಗೆ ಮೀನುಗಾರನೊಬ್ಬನ ಬಲೆಗೆ ಮೀನಿನ ಬದಲು ನೆಹಲೆನ್ನಿಯಾಳೇ ಬಂದಳು. ಆಮೇಲೆ ನೀರಿನಿಂದ ಅಂಥ ಅನೇಕ ಪೀಠಗಳನ್ನು ಎತ್ತಿದರು. ದೇವಾಲಯವಿದ್ದ ನೆಲವನ್ನೇ ಕಡಲು ನುಂಗಿತ್ತು. ನುಂಗಿದ್ದನ್ನು ಹದಿನೇಳು ಶತಮಾನ ಜೋಪಾನವಾಗಿಯೂ ಇಟ್ಟಿತ್ತು.

ಅದೇ ಡೊಂಬರ್ಗಿನ ಮರಳುದಿಬ್ಬಗಳಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಿತ್ರಕಾರರು ಬರತೊಡಗಿದರು. ಮೂರು ಕಡೆ ನೀರಿರುವ ಆ ತೀರದ ಬೆಳಕಿಗೆ ಒಂದು ವಿಶೇಷ ಸ್ವಚ್ಛತೆಯಿದೆ ಎಂದು ಅವರ ನಂಬಿಕೆ. ಅವರಲ್ಲಿ ಒಬ್ಬನಾದ ಪೀಟ್ ಮೋಂಡ್ರಿಯಾನ್ ಮೊದಮೊದಲು ದಿಬ್ಬ, ಗಾಳಿಯಂತ್ರ, ಇಗರ್ಜಿಯ ಗೋಪುರ ಇವನ್ನು ಕಂಡ ಹಾಗೆ ಬರೆದನು. ಬರೆಯುತ್ತ ಬರೆಯುತ್ತ ಕಡಲು ಅವನ ಕೈಯಲ್ಲಿ ಅಡ್ಡಗೆರೆ ಉದ್ದಗೆರೆಗಳಾಗಿ ಕರಗಿತು. ಮುಂದೆ ಜಗತ್ತಿನ ಚಿತ್ರಕಲೆಯ ದಾರಿಯನ್ನೇ ತಿರುಗಿಸಿದ ಆ ನೇರ ಗೆರೆಗಳ ಹಿಂದೆ, ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಂತ ಒಂದು ಗೋಪುರವಿದೆ ಎನ್ನಬಹುದು.

ಇನ್ನು ಪಟ್ಟಣಗಳು. ಪ್ರಾಂತದ ರಾಜಧಾನಿ ಮಿಡ್ಡೆಲ್ಬರ್ಗ್. ಒಂಬತ್ತನೆಯ ಶತಮಾನದಲ್ಲಿ ವೈಕಿಂಗರ ದಾಳಿಯಿಂದ ತಪ್ಪಿಸಿಕೊಳ್ಳಲು ಕಟ್ಟಿದ ದುಂಡನೆಯ ಮಣ್ಣಿನ ಕೋಟೆಯ ಆಕಾರವನ್ನು ಅದರ ನಡುಭಾಗದ ಬೀದಿಗಳು ಇನ್ನೂ ಉಳಿಸಿಕೊಂಡಿವೆ. ಹಳೆಯ ಮಠದ ಇಗರ್ಜಿಗೆ ಸೇರಿದ ಎತ್ತರದ ಗೋಪುರವನ್ನು ಜನ ಪ್ರೀತಿಯಿಂದ ‘ಉದ್ದನೆಯ ಯಾನ್’ ಎಂದು ಕರೆಯುತ್ತಾರೆ. ಯಾನ್ ಎಂಬುದು ಅಲ್ಲಿ ನಮ್ಮ ರಾಮ, ಭೀಮ ಇದ್ದ ಹಾಗೆ ಮನೆಮನೆಯ ಹೆಸರು. 1452ರಲ್ಲಿ ಕೆಲಸ ಆರಂಭಿಸಿದ ಪುರಭವನದ ಮುಂಗೋಡೆ ಕಲ್ಲಿನ ಕಸೂತಿಯಂತಿದೆ. ಇವೆಲ್ಲ 1940ನೆಯ ಮೇ 17ರಂದು ಯುದ್ಧದ ಬೆಂಕಿಗೆ ಸಿಕ್ಕಿ ಊರಿನ ನಡುಭಾಗವೇ ಸುಟ್ಟುಹೋಯಿತು. ಈಗ ಕಾಣುವುದರಲ್ಲಿ ಬಹಳಷ್ಟು, ಹಳೆಯದನ್ನು ನೆನೆದು ಮತ್ತೆ ಕಟ್ಟಿದ್ದು. ಇದೇ ಊರಿನಲ್ಲಿ ಕನ್ನಡಕ ಮಾಡುತ್ತಿದ್ದ ಹಾನ್ಸ್ ಲಿಪ್ಪರ್ಶೇ ಎಂಬವನು, ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಕೊಳವೆಯ ಮೇಲೆ ಹಕ್ಕು ಬೇಡಿ 1608ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದನು. ಮರುವರ್ಷ ಇಟಲಿಯಲ್ಲಿ ಗೆಲಿಲಿಯೋ ಅಂಥದೇ ಕೊಳವೆಯನ್ನು ಆಕಾಶಕ್ಕೆ ತಿರುಗಿಸಿದನು.

ವೇರೆ ಎಂಬ ಪುಟ್ಟ ಪಟ್ಟಣದ ಧಕ್ಕೆಯಲ್ಲಿ ‘ಸ್ಕಾಟರ ಮನೆಗಳು’ ಎಂಬ ಎರಡು ಹಳೆಯ ಕಟ್ಟಡಗಳಿವೆ. 1444ರಲ್ಲಿ ಇಲ್ಲಿನ ಒಡೆಯರ ಮನೆಗೆ ಸ್ಕಾಟ್ಲೆಂಡಿನ ರಾಜಕುಮಾರಿಯೊಬ್ಬಳು ಸೊಸೆಯಾಗಿ ಬಂದಳು. ಆ ನಂಟು ಮುಂದೆ ವ್ಯಾಪಾರವಾಗಿ ಬೆಳೆಯಿತು. 1541ರಿಂದ ಸ್ಕಾಟ್ಲೆಂಡಿನ ಉಣ್ಣೆಯೆಲ್ಲ ವೇರೆಯಲ್ಲೇ ಇಳಿಯಬೇಕೆಂಬ ಒಪ್ಪಂದವಾಯಿತು. 1799ರವರೆಗೆ ಅದು ನಡೆಯಿತು. ಜೀರಿಕ್‌ಜೇ ಎಂಬ ಇನ್ನೊಂದು ಪಟ್ಟಣ ಉಪ್ಪು, ಮೀನುಗಳ ಜೊತೆಗೆ ಕೆಂಪು ಬಣ್ಣಕ್ಕೂ ಹೆಸರಾಗಿತ್ತು. ನಮ್ಮ ಮಂಜಿಷ್ಠದ ಕುಲಕ್ಕೆ ಸೇರಿದ ಒಂದು ಗಿಡದ ಬೇರನ್ನು ಸುತ್ತಲಿನ ರೈತರು ಬೆಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾದ ಬಣ್ಣ ಅಗ್ಗವಾಗಿ ಸಿಕ್ಕಿದಾಗ ಆ ಬೇಸಾಯ ನಿಂತುಹೋಯಿತು. ಜೀರಿಕ್‌ಜೇಯ ಜನ ಐಶ್ವರ್ಯದ ದಿನಗಳಲ್ಲಿ ಆಕಾಶಕ್ಕೆ ಮುಟ್ಟುವ ಗೋಪುರವೊಂದನ್ನು ತೊಡಗಿದರು. ಹಣ ಮುಗಿಯಿತು, ಮೊಟಕಾದ ದಪ್ಪ ಗೋಪುರ ಇಂದಿಗೂ ಹಾಗೆಯೇ ನಿಂತಿದೆ.

ಕಡಲ ಕಡೆಗೆ ತೆರೆದ ಬಾಗಿಲಿನಿಂದ ಬಂದದ್ದೆಲ್ಲ ಹೆಮ್ಮೆಯದಲ್ಲ. 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಆರು ಶಾಖೆಗಳಿದ್ದವು. ಆಂಸ್ಟರ್‌ಡ್ಯಾಮಿನ ನಂತರ ಜೇಲಾಂಡಿನದೇ ದೊಡ್ಡದು. ಆ ಕಂಪನಿಯ ಹಡಗುಗಳು ಸಿಂಹಳದ ದಾಲ್ಚಿನ್ನಿಯನ್ನೂ ಮಲಬಾರಿನ ಮೆಣಸನ್ನೂ ಹೊತ್ತವು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರ ಆಳ್ವಿಕೆಗೆ ಸೇರಿದ್ದ ನಮ್ಮ ಬಸರೂರಿನಲ್ಲಿಯೂ ಅದಕ್ಕೆ ಕೋಠಿಯಿತ್ತು. ಅಲ್ಲಿನ ಅಕ್ಕಿಯೂ ಮೆಣಸೂ ಅದರ ಕಡತಗಳನ್ನು ಸೇರಿವೆ. ಇದು ವ್ಯಾಪಾರದ ಮಾತಾಯಿತು. ಆದರೆ 1720ರಲ್ಲಿ ಮಿಡ್ಡೆಲ್ಬರ್ಗಿನಲ್ಲಿಯೇ ಹುಟ್ಟಿದ ಇನ್ನೊಂದು ವರ್ತಕ ಸಂಘ ಆಫ್ರಿಕದ ತೀರದಿಂದ ಮನುಷ್ಯರನ್ನು ಕೊಂಡು ಅಮೆರಿಕದ ತೋಟಗಳಿಗೆ ಮಾರಿತು. ಅಂಥ 113 ಯಾತ್ರೆಗಳನ್ನು ಅದು ನಡೆಸಿತು. ಲೆಕ್ಕದಲ್ಲಿ ಅತಿ ಶಿಸ್ತಿನವರಾದ್ದರಿಂದ ಪ್ರತಿಯೊಂದು ಯಾತ್ರೆಯ ದಿನಚರಿ, ಕೊಂಡ ಬೆಲೆ, ಮಾರಿದ ಬೆಲೆ, ದಾರಿಯಲ್ಲಿ ಸತ್ತವರ ಎಣಿಕೆ ಎಲ್ಲವನ್ನೂ ಬರೆದಿಟ್ಟರು. ಆ ಕಡತಗಳು ಇಂದಿಗೂ ಮಿಡ್ಡೆಲ್ಬರ್ಗಿನ ದಾಖಲೆಗಳ ಭಂಡಾರದಲ್ಲಿವೆ. 2011ರಲ್ಲಿ ಯುನೆಸ್ಕೋ ಅವನ್ನು ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು. ಡಚ್ಚರ ಅಮೆರಿಕದ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಯಾದದ್ದು 1863ರಲ್ಲಿ. ‘ಹೋರಾಡುತ್ತೇನೆ, ಮೇಲೇಳುತ್ತೇನೆ’ ಎಂಬ ಸಿಂಹದ ಮಾತನ್ನು ಓದುವಾಗ, ಆ ಹಡಗುಗಳ ಅಡಿಯಲ್ಲಿ ಮೇಲೇಳಲಾಗದೆ ಹೋದವರ ನೆನಪೂ ಆಗಬೇಕು.

ಕಡಲು ನುಂಗಿದ ಊರುಗಳ ಪಟ್ಟಿ ಜೇಲಾಂಡಿನಲ್ಲಿ ಉದ್ದವಾಗಿದೆ. ಪ್ರಾಂತದ ಪ್ರಮುಖ ಪಟ್ಟಣಗಳಲ್ಲಿ ಒಂದಾಗಿದ್ದ ರೈಮರ್ಸ್ವಾಲ್ 1530ನೆಯ ನವೆಂಬರಿನ ಜಲಪ್ರಳಯದಲ್ಲಿ ಸುತ್ತಣ ಹಳ್ಳಿಗಳನ್ನು ಕಳೆದುಕೊಂಡು ಒಂಟಿ ದ್ವೀಪವಾಯಿತು. ಪಟ್ಟಣ ಒಮ್ಮೆಗೇ ಸಾಯಲಿಲ್ಲ. ಪ್ರತಿಯೊಂದು ಬಿರುಗಾಳಿಗೂ ಒಂದಿಷ್ಟು ಸವೆಯುತ್ತ ನೂರು ವರ್ಷ ಜೀವ ಹಿಡಿದುಕೊಂಡಿತ್ತು. 1632ರಲ್ಲಿ ಕೊನೆಯ ನಿವಾಸಿಗಳೂ ಹೊರಟುಹೋದರು. ಸ್ಖೌವೆನ್ ಭಾಗದ ತೀರದಲ್ಲಿ ಕೌಡೆಕೆರ್ಕೆ ಎಂಬ ಹಳ್ಳಿಯ ಇಗರ್ಜಿಯ ಗೋಪುರವೊಂದು ಒಂಟಿಯಾಗಿ ನಿಂತಿದೆ. ಹಳ್ಳಿ ಎಲ್ಲಿ ಎಂದು ಕೇಳಿದರೆ ಅಲ್ಲಿನವರು ನೀರಿನ ಕಡೆಗೆ ಕೈ ತೋರಿಸಬೇಕು. ಅದೇ ತೀರದ ಇನ್ನೊಂದು ಊರಿನ ಬಗ್ಗೆ ಕಥೆಯಿದೆ. ಊರಿನ ಬೆಸ್ತರು ಮತ್ಸ್ಯಕನ್ಯೆಯೊಬ್ಬಳನ್ನು ಬಲೆಯಲ್ಲಿ ಹಿಡಿದರಂತೆ. ಅವಳ ಗಂಡ ಹಡಗಿನ ಹಿಂದೆಯೇ ಈಜಿ ಬಂದು ಅಂಗಲಾಚಿದರೂ ಬಿಡಲಿಲ್ಲವಂತೆ. ಅವನ ಶಾಪದಿಂದ ರೇವು ಹೂಳು ತುಂಬಿ ಊರು ಹಾಳಾಯಿತಂತೆ. ಕಥೆ ಕಟ್ಟಿದವರು ತಮ್ಮವರದೇ ತಪ್ಪೆಂದು ಒಪ್ಪಿಕೊಂಡಿದ್ದಾರೆ ಎಂಬುದು ಗಮನಿಸತಕ್ಕ ಮಾತು.

ಈಗ ಮೊದಲು ಹೇಳಿದ ಮೂರು ಸಂದರ್ಭಗಳಿಗೆ ಬರೋಣ. ಮೊದಲನೆಯದು 1584ರದು. ಸ್ಪೇನಿನ ಅರಸನ ವಿರುದ್ಧ ಡಚ್ಚರು ದಂಗೆಯೆದ್ದ ಕಾಲ. ಸ್ಖೆಲ್ಡೆ ನದಿಯ ಮೇಲಿನ ಆಂಟ್ವರ್ಪ್ ನಗರವನ್ನು ಸ್ಪೇನಿನ ಸೇನೆ ಮುತ್ತಿತ್ತು. ನಗರವನ್ನು ಉಳಿಸಲು ದಂಗೆಕೋರರು ನದಿಯ ಬದಿಯ ಏರಿಗಳನ್ನು ಕಡಿದು ಕಡಲನ್ನು ಶತ್ರುವಿನ ಮೇಲೆ ಬಿಟ್ಟರು. ಸಾಫ್ಟಿಂಗೆ ಎಂಬ ಸೀಮೆಯೇ ಮುಳುಗಿತು. ಹದಿನಾಲ್ಕು ವರ್ಷಗಳ ಹಿಂದಿನ ಪ್ರವಾಹದಿಂದ ಅಲ್ಲಿ ಅಳಿದುಳಿದಿದ್ದ ಹಳ್ಳಿಗಳು ಶಾಶ್ವತವಾಗಿ ಕಣ್ಮರೆಯಾದವು. ಇಷ್ಟಾದರೂ 1585ರ ಆಗಸ್ಟಿನಲ್ಲಿ ಆಂಟ್ವರ್ಪ್ ಶತ್ರುವಿನ ವಶವಾಯಿತು. ನಗರಕ್ಕಾಗಿ ಹಳ್ಳಿಗಳನ್ನು ಬಲಿಕೊಟ್ಟರು. ಹಳ್ಳಿಗಳೂ ಹೋದವು, ನಗರವೂ ಹೋಯಿತು.

ಎರಡನೆಯದು 1944ರದು, ಕಾರಣವೂ ಅದೇ ಆಂಟ್ವರ್ಪ್. ಆ ಬಂದರು ಮಿತ್ರಸೇನೆಗಳ ಕೈಸೇರಿತ್ತು. ಆದರೆ ಸ್ಖೆಲ್ಡೆಯ ಬಾಯಿಯಲ್ಲಿ ವಾಲ್ಖೆರೆನ್ ಮೇಲೆ ಕುಳಿತ ಜರ್ಮನರ ಫಿರಂಗಿಗಳು ಒಂದು ಹಡಗನ್ನೂ ಒಳಗೆ ಬಿಡುತ್ತಿರಲಿಲ್ಲ. ವಾಲ್ಖೆರೆನ್ ತಟ್ಟೆಯಂತಿದೆ, ಅಂಚು ಎತ್ತರ, ನಡು ತಗ್ಗು. ಪಶ್ಚಿಮದ ಅಂಚಿನಲ್ಲಿ ವೆಸ್ಟ್‌ಕಪೆಲ್ಲೆಯ ಪ್ರಸಿದ್ಧವಾದ ಕಡಲೇರಿ. ತಲೆಮಾರುಗಳಿಂದ ಅದನ್ನು ಕಾಯ್ದುಕೊಂಡು ಬಂದದ್ದೇ ಆ ಊರಿನವರ ಕಸುಬು, ಅದೇ ಅವರ ಅಭಿಮಾನ. ಅಕ್ಟೋಬರ್ 3ರಂದು ಬ್ರಿಟಿಷ್ ವಿಮಾನಗಳು ಆ ಏರಿಯ ಮೇಲೆ ಬಾಂಬುಗಳನ್ನು ಸುರಿಸಿದವು. ಹಿಂದಿನ ದಿನ ಎಚ್ಚರಿಕೆಯ ಕರಪತ್ರಗಳನ್ನು ಉದುರಿಸಿದ್ದರು. ಆದರೆ ನೀರು ಸುತ್ತುವರಿದ ನೆಲದಲ್ಲಿ ಶತ್ರುಸೈನ್ಯದ ಕಾವಲಿನ ನಡುವೆ ಜನ ಹೋಗುವುದಾದರೂ ಎಲ್ಲಿಗೆ? ಬಾಂಬಿಗೂ ನೀರಿಗೂ ಸಿಕ್ಕಿ ಆ ಒಂದೇ ಊರಿನಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮುಂದಿನ ದಿನಗಳಲ್ಲಿ ಇನ್ನೂ ಕೆಲವು ಕಡೆ ಏರಿ ಒಡೆದರು. ನವೆಂಬರಿನಲ್ಲಿ ವಾಲ್ಖೆರೆನ್ ಬಿಡುಗಡೆಯಾಯಿತು, ಆಂಟ್ವರ್ಪಿಗೆ ಹಡಗು ಬಂದಿತು. ಆದರೆ ಒಡೆದ ಬಾಯಿಗಳನ್ನೆಲ್ಲ ಮುಚ್ಚುವುದು 1946ರ ಆರಂಭದವರೆಗೂ ಎಳೆಯಿತು. ಅಷ್ಟು ಕಾಲವೂ ದಿನಕ್ಕೆರಡು ಸಲ ಕಡಲು ಹೊಲಗಳಲ್ಲಿ ಓಡಾಡಿತು. ಉಪ್ಪು ಕುಡಿದ ಮರಗಳೆಲ್ಲ ಒಣಗಿದವು. ಇಂದು ವಾಲ್ಖೆರೆನ್ನಿನಲ್ಲಿ ಕಾಣುವ ಸಾಲುಮರಗಳಲ್ಲಿ ಬಹುಪಾಲು ಆಮೇಲೆ ನೆಟ್ಟವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಂದವರು ಬಿಡುಗಡೆ ತರುವವರು, ತಂದದ್ದು ಪ್ರವಾಹ. ಇದನ್ನು ಸರಿಯೆನ್ನಬೇಕೆ, ತಪ್ಪೆನ್ನಬೇಕೆ? ವೆಸ್ಟ್‌ಕಪೆಲ್ಲೆಯವರಿಗೆ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ.

ಏರಿಗಳ ಗಾಯ ಪೂರ್ತಿ ಮಾಯುವ ಮೊದಲೇ ಕಡಲು ತಾನಾಗಿ ಬಂದಿತು. 1953ನೆಯ ಜನವರಿ 31, ಶನಿವಾರದ ರಾತ್ರಿ. ಹುಣ್ಣಿಮೆ ಕಳೆದು ಎರಡು ದಿನವಾಗಿದ್ದರಿಂದ ದೊಡ್ಡ ಉಬ್ಬರದ ಹೊತ್ತು. ಅದರ ಬೆನ್ನಿಗೆ ವಾಯುವ್ಯದಿಂದ ಬೀಸಿದ ಬಿರುಗಾಳಿ. ನಡುರಾತ್ರಿಗೆ ರೇಡಿಯೋ ಮೌನವಾಗುತ್ತಿದ್ದ ಕಾಲವಾದ್ದರಿಂದ ಮಲಗಿದವರನ್ನು ಎಬ್ಬಿಸುವವರಿರಲಿಲ್ಲ. ಬೆಳಗಾಗುವುದರೊಳಗೆ ಏರಿಗಳು ನೂರಾರು ಕಡೆ ಕಿತ್ತುಹೋದವು. ಭಾನುವಾರ ಮಧ್ಯಾಹ್ನದ ಎರಡನೆಯ ಉಬ್ಬರ, ಮಾಳಿಗೆಯ ಮೇಲೆ ಸೂರಿನ ಮೇಲೆ ಹತ್ತಿ ಕುಳಿತಿದ್ದವರ ಮನೆಗಳನ್ನೇ ಕೆಡವಿತು. ದೇಶದಲ್ಲಿ ಸತ್ತವರು 1836 ಮಂದಿ; ಅವರಲ್ಲಿ 865 ಮಂದಿ ಜೇಲಾಂಡಿನವರು. ಯೋಹಾನ್ ವಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರು, ಏರಿಗಳು ಸಾಲದಷ್ಟು ತಗ್ಗಾಗಿವೆ ಎಂದು ಅನೇಕ ವರ್ಷಗಳಿಂದ ಎಚ್ಚರಿಸುತ್ತ ಬಂದಿದ್ದನು. ನಿಜ ನುಡಿದರೂ ಯಾರೂ ನಂಬದ ಗ್ರೀಕ್ ಪುರಾಣದ ಕಸ್ಸಾಂದ್ರೆಯ ಹೆಸರನ್ನು ಅವನು ತನ್ನ ಗುಪ್ತನಾಮವನ್ನಾಗಿ ಇಟ್ಟುಕೊಂಡಿದ್ದನೆಂದರೆ ಅವನ ಬೇಸರ ಎಷ್ಟೆಂದು ತಿಳಿಯಬಹುದು. ಕೊನೆಯ ಬಿರುಕನ್ನು ಔವೆರ್ಕೆರ್ಕ್ ಎಂಬ ಹಳ್ಳಿಯ ಬಳಿ ನವೆಂಬರ್ 6ರ ರಾತ್ರಿ ಮುಚ್ಚಿದರು; ಅದಕ್ಕೆಂದು ತೇಲಿಸಿ ತಂದು ಮುಳುಗಿಸಿದ ದೈತ್ಯಾಕಾರದ ಕಾಂಕ್ರೀಟು ಪೆಟ್ಟಿಗೆಗಳ ಒಳಗೆ ಈಗ ಆ ದುರಂತದ ಸ್ಮಾರಕ ಸಂಗ್ರಹಾಲಯವಿದೆ.

ಇನ್ನು ಹೀಗಾಗಕೂಡದೆಂದು ದೇಶ ನಿರ್ಧರಿಸಿತು. ನದೀಮುಖಗಳನ್ನೆಲ್ಲ ಒಡ್ಡು ಹಾಕಿ ಮುಚ್ಚಿಬಿಡುವುದೆಂದು 1958ರಲ್ಲಿ ಕಾನೂನಾಯಿತು. ಆಂಟ್ವರ್ಪಿಗೆ ಹೋಗುವ ಹಡಗುಗಳ ದಾರಿಯಾದ ಪಶ್ಚಿಮ ಸ್ಖೆಲ್ಡೆಯನ್ನು ಮಾತ್ರ ತೆರೆದಿಟ್ಟು ಅದರ ಏರಿಗಳನ್ನು ಎತ್ತರಿಸಬೇಕು. ಒಂದೊಂದಾಗಿ ಬಾಗಿಲುಗಳು ಮುಚ್ಚಿದವು. 1961ರಲ್ಲಿ ವೇರೆಯ ಎದುರಿನ ಒಡ್ಡು ಮುಗಿದಾಗ ಅಲ್ಲಿನ ಬೆಸ್ತರು ತಮ್ಮ ದೋಣಿಗಳನ್ನು ಬೇರೆ ಊರಿಗೆ ಒಯ್ಯಬೇಕಾಯಿತು. ಶತಮಾನಗಳ ಬಂದರು ಒಂದು ಕೊಳದ ದಡವಾಯಿತು. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಅಗಲವಾದ ಪೂರ್ವ ಸ್ಖೆಲ್ಡೆ. ಅದರ ಬಾಯಿ ಸುಮಾರು 9 ಕಿಲೋಮೀಟರ್ ಅಗಲ.

ಇಲ್ಲಿ ಕಥೆ ಹೊಸ ತಿರುವು ಪಡೆಯಿತು. ಪೂರ್ವ ಸ್ಖೆಲ್ಡೆಯ ದಡದ ಯೆರ್ಸೆಕೆ ಎಂಬ ಊರು ಸಿಂಪಿ ಮತ್ತು ಚಿಪ್ಪುಮೀನಿನ ಬೇಸಾಯಕ್ಕೆ ಹೆಸರುವಾಸಿ. ಉಪ್ಪುನೀರು ನಿಂತರೆ ಅವರ ಬದುಕು ನಿಲ್ಲುತ್ತಿತ್ತು. ಅವರ ಜೊತೆಗೆ ಹಕ್ಕಿಗಳ, ಮೀನುಗಳ, ಕೆಸರುದಿಬ್ಬಗಳ ಪರವಾಗಿ ಮಾತಾಡುವ ಹೊಸ ತಲೆಮಾರಿನವರೂ ಸೇರಿದರು. ಎದುರು ಪಕ್ಷದವರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ: 1953ರಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೆ ಸಿಂಪಿಯ ಲೆಕ್ಕ ಹೇಳುವುದು ಹೇಗೆ? ವಾದ ವರ್ಷಗಟ್ಟಲೆ ನಡೆಯಿತು. 1974ರಲ್ಲಿ ಸರ್ಕಾರ ಮಧ್ಯದ ದಾರಿಯೊಂದನ್ನು ಆರಿಸಿತು. ಗೋಡೆ ಬೇಡ, ಬಾಗಿಲು ಇರಲಿ. ದಿನನಿತ್ಯ ತೆರೆದಿರಲಿ, ಬಿರುಗಾಳಿಯ ದಿನ ಮಾತ್ರ ಮುಚ್ಚಲಿ. ಹದಿನೆಂಟು ಸಾವಿರ ಟನ್ನಿನವರೆಗೂ ತೂಗುವ 65 ಕಂಬಗಳು, ಅವುಗಳ ನಡುವೆ 62 ಉಕ್ಕಿನ ಬಾಗಿಲುಗಳು. ಕಂಬಗಳನ್ನು ಎತ್ತಿ ಸಾಗಿಸಲು ಕಟ್ಟಿದ ಹಡಗಿಗೆ ‘ಓಸ್ಟ್ರಿಯಾ’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಸಿಂಪಿ. 1986ನೆಯ ಅಕ್ಟೋಬರ್ 4ರಂದು ರಾಣಿ ಬಿಯಾಟ್ರಿಕ್ಸ್ ಅದನ್ನು ಉದ್ಘಾಟಿಸಿದರು. ಸಮುದ್ರ 3 ಮೀಟರಿನಷ್ಟು ಏರಬಹುದೆಂಬ ಸೂಚನೆ ಬಂದಾಗ ಬಾಗಿಲುಗಳು ಇಳಿಯುತ್ತವೆ. ಸರಾಸರಿ ನೋಡಿದರೆ ಅದು ವರ್ಷಕ್ಕೊಮ್ಮೆಯ ಮಾತು. ಮಿಕ್ಕ ದಿನಗಳಲ್ಲಿ ಕಡಲು ಎಂದಿನಂತೆ ಬಂದು ಹೋಗುತ್ತದೆ. ಸಿಂಪಿ ಬೆಳೆಯುತ್ತದೆ, ಇಳಿತದಲ್ಲಿ ಕೆಸರುದಿಬ್ಬಗಳ ಮೇಲೆ ಹಕ್ಕಿಗಳು ಇಳಿಯುತ್ತವೆ, ಸೀಲ್ ಪ್ರಾಣಿಗಳು ಮೈ ಒಣಗಿಸಿಕೊಳ್ಳುತ್ತವೆ.

ಆದರೂ ಬಾಗಿಲಿಗೆ ಬೆಲೆ ತೆರಬೇಕಾಗಿದೆ. ಕಂಬಗಳ ಸಂದಿನಲ್ಲಿ ಬರುವ ನೀರಿನ ಬಿರುಸು ಹಿಂದಿನಷ್ಟಿಲ್ಲ. ಬಿರುಗಾಳಿ ಕೆಸರುದಿಬ್ಬಗಳಿಂದ ಕೆರೆದು ಹಾಕಿದ ಮರಳನ್ನು ಮತ್ತೆ ಮೇಲೆ ತಂದು ಹಾಕುವ ಶಕ್ತಿ ಉಬ್ಬರಕ್ಕೆ ಉಳಿದಿಲ್ಲ. ದಿಬ್ಬಗಳು ಸವೆಯುತ್ತಿವೆ. ಅಲ್ಲಿನವರು ಇದನ್ನು ‘ಮರಳಿನ ಹಸಿವು’ ಎನ್ನುತ್ತಾರೆ. ಆ ಹಸಿವಿಗೆ ತುತ್ತು ಹಾಕಲು 2019ರಲ್ಲಿ ರೊಗ್ಗನ್‌ಪ್ಲಾಟ್ ಎಂಬ ದಿಬ್ಬದ ಮೇಲೆ ಹೊರಗಿನಿಂದ ಮರಳು ತಂದು ಸುರಿದರು.

ಮೂರನೆಯ ಸಂದರ್ಭ ನಮ್ಮ ಕಣ್ಣೆದುರಿನದು. ಅದರ ಬೇರೂ ಆಂಟ್ವರ್ಪಿಗೇ ಹೋಗುತ್ತದೆ. ದೊಡ್ಡ ಹಡಗುಗಳಿಗಾಗಿ ಪಶ್ಚಿಮ ಸ್ಖೆಲ್ಡೆಯ ತಳವನ್ನು ಆಳ ಮಾಡಿದ್ದರಿಂದ ದಡದ ಕೆಸರುನೆಲವೂ ಅದರ ಜೀವಿಗಳೂ ನಷ್ಟವಾದವು. ಅದನ್ನು ತುಂಬಿಕೊಡಲು ಒಂದಿಷ್ಟು ನೆಲವನ್ನು ಕಡಲಿಗೆ ಮರಳಿಸಬೇಕೆಂದು 2005ರಲ್ಲಿ ಬೆಲ್ಜಿಯಮ್ಮಿನ ಫ್ಲಾಂಡರ್ಸಿನೊಡನೆ ಒಪ್ಪಂದವಾಯಿತು. ಆರಿಸಿದ ನೆಲ ಹೆಡ್ವಿಗೆ ಪೋಲ್ಡರ್. 1907ರಲ್ಲಿ ಕಡಲಿನಿಂದ ಪಡೆದ ಸುಮಾರು 300 ಹೆಕ್ಟೇರಿನ ಫಲವತ್ತಾದ ಹೊಲ. ಜೇಲಾಂಡಿನವರಿಗೆ ಸಿಡಿಲು ಬಡಿದಂತಾಯಿತು. ಒಂದು ಸಲಿಕೆ ಮಣ್ಣಿಗೂ ಹೆಣಗಾಡಿದವರ ಮಕ್ಕಳು, ಒಳ್ಳೆಯ ಏರಿಯನ್ನು ತಾವಾಗಿಯೇ ಒಡೆಯುವುದೆ? 1953ರ ನೆನಪಿರುವವರಿಗೆ ಅದು ಹಿರಿಯರಿಗೆ ಮಾಡುವ ದ್ರೋಹವಾಗಿ ಕಂಡಿತು. ಹದಿನೇಳು ವರ್ಷ ಪ್ರತಿಭಟನೆ, ನ್ಯಾಯಾಲಯ, ಮಂತ್ರಿಮಂಡಲಗಳ ಹಿಂಜರಿಕೆ ನಡೆದು ಕೊನೆಗೆ 2022ರಲ್ಲಿ ಏರಿಯನ್ನು ಕಡಿದರು. ಹಿಂದೆಯೇ ಇನ್ನಷ್ಟು ಎತ್ತರದ ಹೊಸ ಏರಿ ಹಾಕಿ ಊರುಗಳನ್ನು ಕಾದರೆಂಬುದು ನಿಜ. ಹೊಲ ಮಾತ್ರ ಹೋಯಿತು.

ಹೆಡ್ವಿಗೆಯ ಪಕ್ಕದಲ್ಲಿಯೇ ಇರುವುದು ಸಾಫ್ಟಿಂಗೆ. 1584ರಲ್ಲಿ ಯುದ್ಧಕ್ಕಾಗಿ ಮುಳುಗಿಸಿದ ಆ ಸೀಮೆಯಲ್ಲಿ ಇಂದು 3500 ಹೆಕ್ಟೇರಿಗೂ ಹೆಚ್ಚು ಉಪ್ಪು ಜೌಗು ಹಬ್ಬಿದೆ. ಬೇಸಗೆಯಲ್ಲಿ ನೇರಳೆ ಹೂಗಳು ಅರಳುತ್ತವೆ. ಸಾವಿರಾರು ಬಾತುಗಳೂ ಕಡಲಕ್ಕಿಗಳೂ ನೆಲಸುತ್ತವೆ. ದಾರಿ ತಿಳಿದವರ ಜೊತೆಯಲ್ಲದೆ ಒಳಗೆ ಹೋಗುವಂತಿಲ್ಲ. ಉಬ್ಬರ ಬಂದರೆ ಕಾಲುವೆಗಳು ಕ್ಷಣದಲ್ಲಿ ತುಂಬುತ್ತವೆ. ಮೊದಲ ಸಲ ಏರಿ ಒಡೆದವರು ನಗರಕ್ಕಾಗಿ ಹಳ್ಳಿಗಳನ್ನು ಕೇಳದೆ ಒಡೆದರು. ಎರಡನೆಯ ಸಲ ಒಡೆದವರು ಒಂದು ದಿನದ ಎಚ್ಚರಿಕೆ ಕೊಟ್ಟರು. ಮೂರನೆಯ ಸಲ ಹದಿನೇಳು ವರ್ಷ ವಾದಿಸಿದರು, ಪರಿಹಾರ ಕೊಟ್ಟರು, ಒಳಗಡೆ ಇನ್ನೊಂದು ಏರಿ ಕಟ್ಟಿದರು. ಒಪ್ಪದವರು ಇಂದಿಗೂ ಒಪ್ಪಿಲ್ಲ. ಆದರೆ ನಾನೂರ ಮೂವತ್ತೆಂಟು ವರ್ಷಗಳಲ್ಲಿ ಆ ನಾಡು ನಡೆದ ದೂರ ಅಷ್ಟು. ಕಡಲಿನ ಮಟ್ಟ ಏರುತ್ತಿರುವ ಈ ಕಾಲದಲ್ಲಿ, ಎಲ್ಲಿ ಮುಚ್ಚಬೇಕು, ಎಲ್ಲಿ ತೆರೆಯಬೇಕು, ಅದರ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆ ಕಡಲಂಚಿನ ಯಾವ ನಾಡಿಗೂ ತಪ್ಪಿದ್ದಲ್ಲ.

ಜೇಲಾಂಡಿನ ಹಳೆಯ ಉಡುಪುಗಳು ಈಗ ನಿತ್ಯದ ಬಳಕೆಯಲ್ಲಿಲ್ಲ. ಹೆಂಗಸರ ಕೊರಳಿನ ಹವಳದ ಸರ, ಬೆಳ್ಳಿಯ ಗುಂಡಿಗಳು, ಪ್ರಾಟೆಸ್ಟಂಟರಿಗೊಂದು ಕ್ಯಾಥೊಲಿಕರಿಗೊಂದು ಬಗೆಯ ಬಿಳಿಯ ಕುಲಾವಿ, ಇವೆಲ್ಲ ಬಹುಮಟ್ಟಿಗೆ ಹಬ್ಬದ ದಿನಕ್ಕೂ ಸಂಗ್ರಹಾಲಯಕ್ಕೂ ಸೇರಿವೆ. ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದ ‘ಬೋಲುಸ್’ ಎಂಬ ಅಂಟುರೊಟ್ಟಿ ಮಾತ್ರ ಅಂಗಡಿಗಳಲ್ಲಿ ತಪ್ಪದೆ ಸಿಗುತ್ತದೆ. ಉಳಿದ ಆಚಾರಗಳಲ್ಲಿ ಒಂದನ್ನು ಹೇಳಿ ಮುಗಿಸುತ್ತೇನೆ. ಸ್ಖೌವೆನ್ನಿನ ಹಳ್ಳಿಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ, ಫೆಬ್ರವರಿ ಮಾರ್ಚಿ ತಿಂಗಳಲ್ಲಿ, ರೈತರು ತಮ್ಮ ಭಾರಿ ಕುದುರೆಗಳ ಜೂಲಿಗೆ ಕಾಗದದ ಹೂ ಕಟ್ಟಿ, ಕೊಂಬು ಊದುತ್ತ, ಮೆರವಣಿಗೆಯಲ್ಲಿ ಸಮುದ್ರಕ್ಕೆ ಹೋಗುತ್ತಾರೆ. ಉಪ್ಪುನೀರಿನಲ್ಲಿ ಕುದುರೆಯ ಕಾಲು ತೊಳೆದರೆ ವರ್ಷವಿಡೀ ಅದರ ಗೊರಸು ಗಟ್ಟಿಯಾಗಿರುತ್ತದೆಂದು ನಂಬಿಕೆ. 1953ರಲ್ಲಿ ಆ ದನಕರು ಕುದುರೆಗಳನ್ನೂ ಅವುಗಳ ಒಡೆಯರನ್ನೂ ನುಂಗಿದ ನೀರು ಇದೇ. ಉಳುಮೆಯ ಕಾಲ ಬಂದಾಗ ಅವರು ಏರಿಯನ್ನು ಹತ್ತಿ ಇಳಿದು, ಕುದುರೆಯನ್ನು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, ಕಾಲು ತೊಳೆಸಿ, ಮತ್ತೆ ಏರಿ ಹತ್ತಿ ಹೊಲಕ್ಕೆ ಹಿಂದಿರುಗುತ್ತಾರೆ.